ಬಾರ್ಸಿಲೋನಾ ಮುತ್ತಿಗೆ ಇಷ್ಟು ದೀರ್ಘವಾದದ್ದು ಹೇಗೆ?

ಪ್ರಶ್ನೆ (ವಿಜಯಪುರದಿಂದ):
ಎಲ್ಲರಿಗೂ ನಮಸ್ಕಾರ. ಉಪಲಿ ಬುರುಜಿನ ಮೇಲೆ ನಿಂತಾಗಲೆಲ್ಲ, 1685ರಲ್ಲಿ ಆರಂಭವಾಗಿ 1686ರ ಸೆಪ್ಟೆಂಬರ್‌ವರೆಗೆ ಎಳೆದ ಮೊಗಲರ ಮುತ್ತಿಗೆ ನನಗೆ ನೆನಪಾಗುತ್ತದೆ. ಸ್ಪೇನಿನ ಸಿಂಹಾಸನ ಯಾರಿಗೆಂದು ನಡೆದ ಉತ್ತರಾಧಿಕಾರ ಯುದ್ಧದಲ್ಲಿ ಬಾರ್ಸಿಲೋನಾ ಕೂಡ 1713ರ ಜುಲೈನಿಂದ 1714ರ ಸೆಪ್ಟೆಂಬರ್ 11ರವರೆಗೆ ಹೀಗೆಯೇ ಮುತ್ತಿಗೆಯಲ್ಲಿತ್ತು. 1713ರ ಏಪ್ರಿಲ್‌ನಲ್ಲೇ ಯುಟ್ರೆಕ್ಟ್ ಶಾಂತಿ ಒಪ್ಪಂದವಾಗಿ ಮಿತ್ರರು ಕೈಬಿಟ್ಟ ಮೇಲೂ ಆ ನಗರ ತಡೆದು ನಿಂತದ್ದು ಗೋಡೆಯ ಬಲದಿಂದಲೇ?

ಉತ್ತರ (ಬೆಳಗಾವಿಯಿಂದ):
ಸರ್, ಗೋಡೆಯೊಂದೇ ಕಾರಣವಲ್ಲ. ಮೊದಲ ವರ್ಷ ಸ್ಪೇನಿನ ದೊರೆ ಐದನೆಯ ಫಿಲಿಪ್‌ನ ಸೇನಾಪತಿ ಪೊಪೊಲಿಯ ಡ್ಯೂಕ್ ಮಾಡಿದ್ದು ಬಹುಪಾಲು ದಿಗ್ಬಂಧನವೇ. ಸಮುದ್ರದ ದಾರಿ ಪೂರ್ತಿ ಮುಚ್ಚದಿದ್ದುದರಿಂದ ಮಯೋರ್ಕಾ ದ್ವೀಪದಿಂದ ಆಹಾರ ಬಂದು ಸೇರುತ್ತಿತ್ತು. ನಿಜವಾದ ಮುತ್ತಿಗೆ ಮೊದಲಾದದ್ದು 1714ರ ಜುಲೈನಲ್ಲಿ, ಬರ್ವಿಕ್‌ನ ಡ್ಯೂಕ್ ಫ್ರೆಂಚ್ ಸೈನ್ಯ ಮತ್ತು ಭಾರಿ ತೋಪುಗಳೊಂದಿಗೆ ಬಂದ ಮೇಲೆ. ಕಂದಕಗಳನ್ನು ತೋಡುತ್ತ ಗೋಡೆಯ ಹತ್ತಿರಕ್ಕೆ ಸರಿದು, ಒಂದೇ ಕಡೆ ಗುಂಡು ಹಾರಿಸಿ ಬಿರುಕು ಮಾಡಿ, ಅದರೊಳಗೆ ಲಗ್ಗೆ ಹಾಕುವುದು ಆ ಕಾಲದ ಪದ್ಧತಿಯಾಗಿತ್ತು; ಅದಕ್ಕೆ ಇಲ್ಲಿ ಎರಡು ತಿಂಗಳು ಸಾಕಾಯಿತು. ನಮ್ಮ ವಿಜಯಪುರದಲ್ಲಿ ಮುತ್ತಿದವರ ಪಾಳೆಯದಲ್ಲೇ ಕಾಳಿಗೆ ಬರ ಬಂದಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ದೀರ್ಘ ಮುತ್ತಿಗೆಯಲ್ಲಿ ಹಸಿವು ಗೋಡೆಯ ಎರಡೂ ಬದಿಗೆ ಕಾಡುತ್ತದೆ.

ಉತ್ತರ (ಬಾಗಲಕೋಟೆಯಿಂದ):
ಮೇಲಿನ ಉತ್ತರಕ್ಕೆ ನಾನು ಜನರನ್ನು ಸೇರಿಸುತ್ತೇನೆ. ಎರಡನೆಯ ಕಾರ್ಲೋಸ್ 1700ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಸಿಂಹಾಸನಕ್ಕೆ ಬಂದವನು ಹದಿನಾಲ್ಕನೆಯ ಲೂಯಿಯ ಮೊಮ್ಮಗ ಐದನೆಯ ಫಿಲಿಪ್. ಬಾರ್ಸಿಲೋನಾ ರಾಜಧಾನಿಯಾಗಿದ್ದ ಕ್ಯಾಟಲೋನಿಯಾ 1705ರಲ್ಲಿ ಅವನ ಎದುರಾಳಿ ಆಸ್ಟ್ರಿಯಾದ ಚಾರ್ಲ್ಸ್‌ನ ಪಕ್ಷ ಸೇರಿತು. ಅದರ ಹಕ್ಕುಗಳನ್ನು ಕಾಯುವ ಭರವಸೆ ಕೊಟ್ಟಿದ್ದ ಇಂಗ್ಲೆಂಡ್ ಯುಟ್ರೆಕ್ಟ್‌ನಲ್ಲಿ ಜಿಬ್ರಾಲ್ಟರ್ ಮತ್ತು ಮೆನೋರ್ಕಾ ಪಡೆದು ಹಿಂದೆ ಸರಿಯಿತು. ನನಗೆ ಇದು ಈ ಯುದ್ಧದ ಅತ್ಯಂತ ನೋವಿನ ಭಾಗ. ಅಷ್ಟರಲ್ಲಿ ಚಕ್ರವರ್ತಿಯಾಗಿದ್ದ ಆ ಚಾರ್ಲ್ಸ್‌ನ ಪಡೆಗಳೂ ಹೊರಟುಹೋದಾಗ ಗೋಡೆ ಕಾದವರಲ್ಲಿ ಬಹಳಷ್ಟು ಮಂದಿ ಬಡಗಿ, ದರ್ಜಿ ಮುಂತಾದ ಕಸುಬಿನವರ ಸಂಘಗಳಿಂದ ಕಟ್ಟಿದ ನಗರಪಡೆಯವರು. ದಂಡನಾಯಕ ವಿಲ್ಲಾರೊಯೆಲ್ ಮತ್ತು ನಗರ ಮುಖ್ಯಸ್ಥ ರಾಫೆಲ್ ಕಸನೋವಾ ಇಬ್ಬರೂ ಕೊನೆಯ ದಿನದ ಕಾಳಗದಲ್ಲಿ ಗಾಯಗೊಂಡರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸೋತ ಮೇಲೆ ಆ ನಗರಕ್ಕೆ ಏನಾಯಿತು?

ಉತ್ತರ (ಬಾಗಲಕೋಟೆಯಿಂದ):
1716ರ ರಾಜಾಜ್ಞೆ ಕ್ಯಾಟಲೋನಿಯಾದ ಸ್ವಂತ ಸಂಸ್ಥೆಗಳನ್ನು ರದ್ದುಪಡಿಸಿತು. ನಗರವನ್ನು ಅಂಕೆಯಲ್ಲಿಡಲು ಕೋಟೆಯೊಂದನ್ನು ಕಟ್ಟುವುದಕ್ಕಾಗಿ ರಿಬೇರಾ ಪೇಟೆಯ ದೊಡ್ಡ ಭಾಗದ ಮನೆಗಳನ್ನು ಕೆಡವಿಸಿದರು. ಅವುಗಳ ತಳಪಾಯಗಳು ಇಂದಿಗೂ ಬೋರ್ನ್ ಎಂಬ ಹಳೆಯ ಮಾರುಕಟ್ಟೆ ಕಟ್ಟಡದೊಳಗೆ, ನೆಲಮಟ್ಟದ ಕೆಳಗೆ ಕಾಣಸಿಗುತ್ತವೆ.