ಆಧಾರ್ ಫೋಟೋ ಕಳಿಸಿ ಆಯಿತು, ಈಗ ಎಂತ ಮಾಡುವುದು?

ಇವತ್ತು ಪ್ರಶ್ನೆಗಳಿಗೆ ಉತ್ತರ ಕೊಡುವವರು ಕಾಸರಗೋಡಿನ ಬದಿಯಡ್ಕ ಕಡೆಯಲ್ಲಿ ಅಕ್ಷಯ ಕೇಂದ್ರ (ಕೇರಳದಲ್ಲಿ ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಕೇಂದ್ರ) ನಡೆಸುವ ನಮ್ಮ ಗುಂಪಿನ ಅಕ್ಕ.

ಪ್ರಶ್ನೆ (ಕುಂಬಳೆಯಿಂದ): ಅಕ್ಕ, ಮಗಳಿಗೆ ಮಂಗಳೂರಿನಲ್ಲಿ ಡಿಗ್ರಿಗೆ ಸೀಟ್ ಸಿಕ್ಕಿತು. ಆನ್‌ಲೈನ್‌ನಲ್ಲಿ ಒಂದು ಪೀಜಿಯ ಜಾಹೀರಾತು ನೋಡಿ ವಾಟ್ಸಾಪ್ ಮಾಡಿದೆವು. ರೂಮ್ ಹಿಡಿದಿಡಲು ಅವಳ ಆಧಾರ್, ನನ್ನ ಆಧಾರ್, ಪ್ಯಾನ್, ಇಬ್ಬರ ಸೆಲ್ಫಿ ಕೇಳಿದರು. ಕಳಿಸಿದೆವು. ಆಮೇಲೆ ಅಡ್ವಾನ್ಸ್ ಹಾಕಿ ಎಂದು ಅವಸರ ಮಾಡಿದಾಗ ಅನುಮಾನ ಬಂತು. ಹಾಕಲಿಲ್ಲ. ಈಗ ನಂಬರ್ ಸ್ವಿಚ್ ಆಫ್. ಅಕೌಂಟ್ ಖಾಲಿ ಆಗುತ್ತದಾ? ನಮ್ಮ ಮನೆಯವರು ಮಗಳಿಗೆ ಬೈದು ಬೈದು ಅವಳು ಊಟ ಬಿಟ್ಟಿದ್ದಾಳೆ.

ಉತ್ತರ: ಮೊದಲು ಬೈಯುವುದು ನಿಲ್ಲಲಿ. ಅವಳು ಹೆದರಿ ಚಾಟ್ ಡಿಲೀಟ್ ಮಾಡಿದರೆ ಇರುವ ಸಾಕ್ಷಿಯೂ ಹೋಯಿತು. ಜಾಹೀರಾತು, ನಂಬರ್, ಕಳಿಸಿದ ಸಮಯ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಬರೀ ಆಧಾರ್ ನಂಬರ್ ಹಿಡಿದುಕೊಂಡು ಯಾರೂ ಅಕೌಂಟಿನಿಂದ ದುಡ್ಡು ತೆಗೆಯಲಾರರು. ಒಟಿಪಿ ಬೇಕು, ಇಲ್ಲವೇ ಬೆರಳಚ್ಚು ಬೇಕು. ಆದರೆ ನಿಮ್ಮಿಂದ ಹೋದದ್ದು ಒಂದು ಕಾರ್ಡಲ್ಲ, ಇಡೀ ಸೆಟ್. ಆಧಾರ್, ಪ್ಯಾನ್, ಮುಖ ಮೂರೂ ಒಟ್ಟಿಗೆ ಸಿಕ್ಕಿದರೆ ನಿಮ್ಮ ಹೆಸರಲ್ಲಿ ಸಿಮ್ ತೆಗೆಯಲು, ಸಾಲದ ಆ್ಯಪ್‌ನಲ್ಲಿ ಅರ್ಜಿ ಹಾಕಲು, ಕದ್ದ ಹಣ ದಾಟಿಸುವ ಖಾತೆ ತೆರೆಯಲು ಯಾರಾದರೂ ಪ್ರಯತ್ನ ಮಾಡಬಹುದು. ಇನ್ನೊಂದು ಉಪಯೋಗ ಜನರಿಗೆ ಹೊಳೆಯುವುದೇ ಇಲ್ಲ. ನಾಳೆ ಬೇರೊಬ್ಬರಿಗೆ ನಿಮ್ಮ ಕಾರ್ಡ್ ಕಳಿಸಿ, ‘ನಾನೇ ಪೀಜಿ ಓನರ್, ಇಗೊಳ್ಳಿ ನನ್ನ ಆಧಾರ್, ನಂಬಿ’ ಎನ್ನುತ್ತಾರೆ. ಹಣ ಕಳೆದುಕೊಂಡವರು ಕೊಡುವ ದೂರಿನಲ್ಲಿ ಆಗ ನಿಮ್ಮ ಹೆಸರೇ ಇರುತ್ತದೆ. ಅದಕ್ಕೇ ನೀವು ಮೊದಲೇ ದೂರು ಕೊಟ್ಟಿರಬೇಕು.

ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ಗೆ ಹೋಗಿ ನಿಮ್ಮ ಹೆಸರಲ್ಲಿ ಎಷ್ಟು ಮೊಬೈಲ್ ನಂಬರ್ ಉಂಟು ನೋಡಿ. ಮಗಳೂ ನೋಡಲಿ. ಒಬ್ಬರ ಹೆಸರಲ್ಲಿ 9 ಸಿಮ್‌ವರೆಗೆ ಇರಬಹುದು, ಹಾಗಾಗಿ ಎರಡು ಜಾಸ್ತಿ ಇದ್ದರೂ ನಮಗೆ ತಿಳಿಯುವುದಿಲ್ಲ. ಸಾಲದ ವಿಷಯಕ್ಕೆ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ಪಟ್ಟಿ, ತೆಗೆಯಿರಿ. ಅದನ್ನು ಕೊಡುವ ಕಂಪನಿ ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಸಹ ಉಂಟು. ನಾಲ್ಕೂ ಕಡೆ ವರ್ಷಕ್ಕೊಮ್ಮೆ ಪುಕ್ಕಟೆ. ನಾಲ್ಕನ್ನೂ ಒಂದೇ ದಿನ ತೆಗೆಯಬೇಡಿ. ಈಗ ಒಂದು, ಎರಡು ತಿಂಗಳು ಬಿಟ್ಟು ಇನ್ನೊಂದು. ಇವತ್ತು ಹಾಕಿದ ಸಾಲ ಇವತ್ತೇ ಅದರಲ್ಲಿ ಕಾಣುವುದಿಲ್ಲ.

ಪ್ರಶ್ನೆ (ಅವರೇ): ದೂರು ಎಲ್ಲಿ ಅಕ್ಕ? ಪೀಜಿ ಮಂಗಳೂರಿನದ್ದು, ನಾವು ಕೇರಳದವರು. ಮಲಯಾಳ ಬರೆಯಲು ಬರುವುದಿಲ್ಲ.

ಉತ್ತರ: ನಮ್ಮ ಗಡಿಯವರ ಹಣೆಬರಹ ಇದು, ಅಲ್ವಾ? ಆಸ್ಪತ್ರೆ, ಕಾಲೇಜು ಆಚೆ, ರೇಷನ್ ಈಚೆ. ಚಿಂತೆ ಬೇಡ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ ಇಡೀ ದೇಶಕ್ಕೆ ಒಂದೇ. ಅದರಲ್ಲಿ ಕೇರಳ ಆರಿಸಿ ದೂರು ಹಾಕಿ. ಕಾಸರಗೋಡಿನಲ್ಲೇ ಸೈಬರ್ ಪೊಲೀಸ್ ಠಾಣೆ ಉಂಟು, ಅಲ್ಲಿಗೂ ಹೋಗಬಹುದು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ, ಅಪರಾಧ ಎಲ್ಲಿ ಆದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಕನ್ನಡದಲ್ಲೇ ಬರೆಯಿರಿ. ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದೆಂದು ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಾದ್ದು ಹಣ ಹೋದಾಗ, ಅದೂ ತಕ್ಷಣ.

ಪ್ರಶ್ನೆ (ಮಂಜೇಶ್ವರದಿಂದ): ಒಂದು ಮಾತು ಕೇಳಿದರೆ ಬೇಜಾರು ಮಾಡಬೇಡಿ. ಗುರುತಿಲ್ಲದವರಿಗೆ ಕಳಿಸಬೇಡಿ ಅಂತೀರಿ. ಪ್ರಿಂಟ್‌ಗೆ ಅಂತ ಊರಿನವರೆಲ್ಲ ಜೆರಾಕ್ಸ್ ಅಂಗಡಿಯ ವಾಟ್ಸಾಪಿಗೇ ಹಾಕುತ್ತೇವಲ್ಲ? ನಿಮ್ಮ ಹತ್ತಿರವೂ ನಮ್ಮೆಲ್ಲರದ್ದು ಉಂಟಲ್ಲ?

ಉತ್ತರ: ಬೇಜಾರಿಲ್ಲ, ಸರಿಯಾಗಿಯೇ ಕೇಳಿದಿರಿ. ಒಮ್ಮೆ ಕಂಪ್ಯೂಟರ್ ನಿಧಾನ ಆಯಿತೆಂದು ಡೌನ್‌ಲೋಡ್ ಫೋಲ್ಡರ್ ತೆರೆದೆ. ಪಂಚಾಯತಿನ ಅರ್ಧ ಜನ ಅದರೊಳಗೆ ಕೂತಿದ್ದರು! ಸತ್ತವರೂ ಇದ್ದರು. ಅವತ್ತಿನಿಂದ ಬಾಗಿಲು ಹಾಕುವ ಮೊದಲು ಎಲ್ಲ ಅಳಿಸುತ್ತೇನೆ. ಬೇರೆಯವರು ಅಳಿಸುತ್ತಾರಾ ಎಂದು ನಾನು ಹೇಗೆ ಹೇಳಲಿ? ಪ್ರಿಂಟ್ ಕೈಗೆ ಬಂದ ಮೇಲೆ ಅಲ್ಲೇ ನಿಂತು, ‘ಡಿಲೀಟ್ ಮಾಡಿ ಅಣ್ಣ’ ಎನ್ನಿ. ನಾಚಿಕೆ ಬೇಡ.

ಹೆಚ್ಚಿನ ಕಡೆಗೆ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಡೌನ್‌ಲೋಡ್ ಮಾಡುವಾಗ ಅದನ್ನೇ ಟಿಕ್ ಮಾಡಿ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂಬ ಧೈರ್ಯ ಮಾತ್ರ ಬೇಡ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಇಷ್ಟೇ ಪಾಸ್‌ವರ್ಡ್. ನಿಮ್ಮ ನೆರೆಮನೆಯವರಿಗೂ ಗೊತ್ತಿರುವುದು! ಕಾಗದದ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಕ್ಕೆ, ಯಾವುದಕ್ಕೆ ಕೊಟ್ಟದ್ದು ಎಂದು ತಾರೀಕು ಹಾಕಿ ಬರೆಯಿರಿ.

ಪ್ರಶ್ನೆ (ಪೈವಳಿಕೆಯಿಂದ): 2023ರಲ್ಲಿ ಕರ್ನಾಟಕದಲ್ಲಿ ಜಾಗ ರಿಜಿಸ್ಟ್ರಿ ಮಾಡಿಸಿದವರ ದುಡ್ಡು ಒಟಿಪಿ ಇಲ್ಲದೆಯೇ ಹೋಯಿತಲ್ಲ? ಅಪ್ಪನ ಹೆಬ್ಬೆಟ್ಟು ಎಷ್ಟು ಪತ್ರದಲ್ಲಿ ಉಂಟೋ.

ಉತ್ತರ: ಹೌದು, ಅದು ಬೆರಳಚ್ಚಿನ ದಾರಿ. ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಅಚ್ಚು ಮಾಡಿ, ಆಧಾರ್ ನಂಬರ್ ಸೇರಿಸಿ, ಬೆರಳಿಟ್ಟು ಹಣ ಪಡೆಯುವ ವ್ಯವಸ್ಥೆಯಲ್ಲಿ ತೆಗೆದರು. ತಡೆಯಲು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಆದರೆ ಲಾಕ್ ಮಾಡಿದ್ದು ಮರೆತು ಅಪ್ಪನನ್ನು ರೇಷನ್ ಅಂಗಡಿಗೆ ಕಳಿಸಬೇಡಿ, ಬೆರಳು ತೆಗೆದುಕೊಳ್ಳುವುದಿಲ್ಲ. ಬದುಕಿದ್ದೇವೆಂದು ಬೆರಳಿಟ್ಟು ತೋರಿಸುವ ಪಿಂಚಣಿ ಮಸ್ಟರಿಂಗ್‌ಗೆ ಬರುವಾಗಲೂ ಅನ್‌ಲಾಕ್ ಮಾಡಿಕೊಂಡೇ ಬನ್ನಿ. ಲಾಕ್ ಮಾಡಿದವರು ನನ್ನ ಮೆಷಿನಿಗೆ ಶಾಪ ಹಾಕುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಗೊತ್ತಿಲ್ಲದೆ ಹಣ ಹೋದ ಮೆಸೇಜ್ ಬಂದರೆ 1930ಕ್ಕೂ ಬ್ಯಾಂಕಿಗೂ ಆಗಲೇ ಹೇಳಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಎಂದಾದಾಗ 3 ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸಬಾರದೆಂದು 2017ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ.

ಪ್ರಶ್ನೆ (ಉಪ್ಪಳದಿಂದ): ದುಬೈ ಕೆಲಸಕ್ಕೆ ಏಜೆಂಟ್ ಪಾಸ್‌ಪೋರ್ಟ್ ಕಾಪಿ ಕೇಳುತ್ತಿದ್ದಾರೆ.

ಉತ್ತರ: ವಿದೇಶದ ಕೆಲಸಕ್ಕೆ ಹೋಗುವವರಿಗಾಗಿ ಕೇಂದ್ರ ಸರ್ಕಾರ ಮಾಡಿದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಲೈಸೆನ್ಸ್ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಪುಟವೂ ಕಳಿಸಬೇಡಿ. ಲೈಸೆನ್ಸ್ ಇದ್ದವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸರ್ವಿಸ್ ಚಾರ್ಜ್ ಕೇಳುವಂತಿಲ್ಲ.

ಕುಂಬಳೆಯಿಂದ: ಅಕ್ಕ, ಸಂಚಾರ್ ಸಾಥಿ ನೋಡಿದೆ. ಮಗಳದ್ದು ಸರಿ ಉಂಟು. ನನ್ನ ಹೆಸರಲ್ಲಿ 3 ನಂಬರ್ ತೋರಿಸುತ್ತದೆ! ಒಂದು ನನ್ನದಲ್ಲವೇ ಅಲ್ಲ. ‘ನನ್ನ ನಂಬರ್ ಅಲ್ಲ’ ಒತ್ತಲಾ?

ಉತ್ತರ: ಒತ್ತುವ ಮೊದಲು ಮನೆಯಲ್ಲಿ ಒಂದು ಸುತ್ತು ಕೇಳಿ. ಒತ್ತಿದರೆ ಕನೆಕ್ಷನ್ ಕಟ್ ಆಗಬಹುದು. ಹಳೆ ಕೀಪ್ಯಾಡ್ ಫೋನ್ ಯಾರ ಹತ್ತಿರ ಉಂಟು?

ಕುಂಬಳೆಯಿಂದ: ಅಯ್ಯೋ, ಅತ್ತೆಯದ್ದು. ಸಿಮ್ ನಾನೇ ತೆಗೆದುಕೊಟ್ಟದ್ದು.