ಫ್ಲೋರಿನ್ ಇರುವ ಬೆಂಜೀನ್ ಉಂಗುರ, ಎರಡು ಲೋಹದ ರಿಯೇಜೆಂಟ್: ಗ್ರೂಪ್‌ನಲ್ಲಿ ಮೇಡಂ ಅವರಿಗೆ ಪ್ರಶ್ನೆಗಳು

ರಘು: ಮೇಡಂ, ಫ್ಲೋರೋಬೆಂಜೀನ್‌ನ ಹೈಡ್ರೋಜನ್ ತೆಗೆಯಲು ಬ್ಯುಟೈಲ್ ಲಿಥಿಯಂ (ಪ್ರಬಲ ಬೇಸ್) ಒಂದೇ ಸಾಲದೇ? ಜೊತೆಗೆ ಮೆಗ್ನೀಷಿಯಂ ಯಾಕೆ?

ಮೇಡಂ: ಫ್ಲೋರಿನ್ ಪಕ್ಕದ ಹೈಡ್ರೋಜನ್ ಜಾಗಕ್ಕೆ ಲಿಥಿಯಂ ಬಂದು ಕೂರುತ್ತದೆ, ಸರಿ. ಬಿಸಿ ಏರಿದರೆ ಅದೇ ಲಿಥಿಯಂ ಫ್ಲೋರಿನ್ನನ್ನೂ ಎಳೆದುಕೊಂಡು ಲಿಥಿಯಂ ಫ್ಲೋರೈಡ್ ಆಗಿ ಹೊರಡುತ್ತದೆ, ಬೆಂಜೈನ್ ಎಂಬ, ಸಿಕ್ಕಿದ್ದರ ಜೊತೆ ಕೂಡಲೇ ಪ್ರತಿಕ್ರಿಯಿಸುವ ಅಣು ಉಳಿಯುತ್ತದೆ. ಮೆಗ್ನೀಷಿಯಂ, ಜಿಂಕ್ ಇದಕ್ಕೆ ಅಷ್ಟು ಆತುರಪಡುವುದಿಲ್ಲ. ಲಿಥಿಯಂ ಕ್ಲೋರೈಡ್ ಸೇರಿಸಿದರೆ ಗುಂಪುಗಟ್ಟಿದ ಮೆಗ್ನೀಷಿಯಂ ರಿಯೇಜೆಂಟ್ ಬಿಡಿಯಾಗಿ ಚುರುಕಾಗುತ್ತದೆ.

ಗಿರೀಶ್: ಲಿಥಿಯಂ ಕ್ಲೋರೈಡನ್ನು ಬಾಟಲಿಯಿಂದ ನೇರ ಹಾಕಬಹುದಾ?

ಮೇಡಂ: ಇಲ್ಲ. ಅದು ತೇವ ಹೀರುತ್ತದೆ. ವ್ಯಾಕ್ಯೂಮ್‌ನಲ್ಲಿ ಬಿಸಿಮಾಡಿ ಒಣಗಿಸಿ.

ಸ್ಮಿತಾ: ಪೆಂಟಾಫ್ಲೋರೋಬೆಂಜೀನ್‌ಗೆ ಈಥರ್‌ನಲ್ಲಿ −78 ಡಿಗ್ರಿಯಲ್ಲಿ ಬ್ಯುಟೈಲ್ ಲಿಥಿಯಂ ಹಾಕಿದ್ದೇನೆ. ಮುಂದಿನ ಕೆಮಿಕಲ್ ಬರುವುದು ನಾಳೆ. ಈಥರನ್ನು ಆವಿಯಾಗಿಸಿ ತೆಗೆದು, ಉಳಿದ ಪುಡಿಯನ್ನು ಫ್ರಿಜ್‌ನಲ್ಲಿ ಇಡಲಾ? ಫಾರ್ವರ್ಡ್ ಒಂದರಲ್ಲಿ "ಒಣಪುಡಿ ಸೇಫ್" ಅಂತಿತ್ತು.

ಮೇಡಂ: ಬೇಡ! ಮೊದಲು ಫ್ಲಾಸ್ಕ್ ಇಟ್ಟ ತಂಪು ಬಾತ್‌ಗೆ ಡ್ರೈ ಐಸ್ ತುಂಬಿಸಿ, ಹುಡ್‌ನ (ಹೊಗೆ ಹೀರುವ ಗೂಡಿನ) ಗಾಜು ಇಳಿಸಿ, ಗೈಡ್ ಅವರನ್ನು ಕರೆಯಿರಿ. ಆಮೇಲೆ ಮುಂದೆ ಓದಿ.
ಫ್ಲಾಸ್ಕ್‌ನಲ್ಲಿರುವುದು ಪೆಂಟಾಫ್ಲೋರೋಫಿನೈಲ್ ಲಿಥಿಯಂ. ಅದು ಒಡೆಯುವಾಗ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಇನ್ನಷ್ಟು ಒಡೆಯುತ್ತದೆ. ಬಿಸಿಯನ್ನು ಹೀರಿಕೊಳ್ಳುತ್ತಿರುವುದೇ ಈಥರ್. ಅದನ್ನು ತೆಗೆದರೆ ಸ್ಫೋಟ. ಇಂಥ ಸ್ಫೋಟಗಳು ದಾಖಲಾಗಿವೆ. ಟ್ರೈಫ್ಲೋರೋಮೀಥೈಲ್‌ಫಿನೈಲ್ ಗ್ರಿನ್ಯಾರ್ಡ್‌ಗಳೂ (ಮೆಗ್ನೀಷಿಯಂ ರಿಯೇಜೆಂಟ್‌ಗಳು) ಸಿಡಿದಿವೆ. "ಒಣಪುಡಿ ಸೇಫ್" ಎಂದು ಬರೆದವರು ಯಾರೋ, ದಯವಿಟ್ಟು ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ.
ನಾಳೆಗೆ ಇಡಬೇಡಿ, ಈಗಲೇ ನಿಷ್ಕ್ರಿಯ ಮಾಡಿ. ಗೈಡ್ ಪಕ್ಕದಲ್ಲಿರಲಿ. ಐಸೋಪ್ರೊಪನಾಲನ್ನು ಈಥರ್‌ನಲ್ಲಿ ತೆಳುಮಾಡಿ, ಫ್ಲಾಸ್ಕ್‌ನ ಗೋಡೆಗುಂಟ ಹನಿಹನಿಯಾಗಿ ಇಳಿಸಿ. ಕೆಳಗೆ ಮುಟ್ಟುವಷ್ಟರಲ್ಲಿ ಅದೂ ತಣ್ಣಗಾಗಿರಬೇಕು. ಥರ್ಮಾಮೀಟರ್ ದ್ರವದೊಳಗೇ ಇರಲಿ, ಬಾತ್‌ನ ರೀಡಿಂಗ್ ನಂಬಬೇಡಿ. ಮುಂದಿನ ಸಲ ಟಿಎಂಪಿ (ನೈಟ್ರೋಜನ್ ಇರುವ ದೊಡ್ಡ ಗುಂಪು) ಮೆಗ್ನೀಷಿಯಂ-ಲಿಥಿಯಂ ಬೇಸ್ ಅಥವಾ ಜಿಂಕ್ ಬೇಸ್ ತಗೊಳ್ಳಿ, ಅದನ್ನೂ ಕಡಿಮೆ ಪ್ರಮಾಣದಲ್ಲೇ ಶುರುಮಾಡಿ.

ಮಂಜುನಾಥ್: ಇಷ್ಟು ಹೆದರಿಸಬೇಕಾ? ಕಾರ್ಬನ್-ಫ್ಲೋರಿನ್ ಬಂಧ ಎಲ್ಲಕ್ಕಿಂತ ಗಟ್ಟಿ, ಅಷ್ಟು ಸುಲಭಕ್ಕೆ ಒಡೆಯಲ್ಲ.

ರಘು: ಬೆಂಜೀನ್ ಉಂಗುರದ ನ್ಯೂಕ್ಲಿಯೋಫಿಲಿಕ್ ಬದಲಿಯಲ್ಲಿ (ಹೊಸ ಗುಂಪು ಬಂದು ಹಳೆಯದನ್ನು ಹೊರಹಾಕುವುದು) ಹ್ಯಾಲೊಜನ್‌ಗಳ ಪೈಕಿ ಸಾಮಾನ್ಯವಾಗಿ ಎಲ್ಲಕ್ಕಿಂತ ಬೇಗ ಹೋಗುವುದೇ ಫ್ಲೋರಿನ್. ಪುಸ್ತಕ ತೆಗೀರಿ.

ಮಂಜುನಾಥ್: ನನಗೆ ಪಾಠ ಬೇಡ. ಬಂಧಶಕ್ತಿ ಮೋಲ್‌ಗೆ ಸುಮಾರು 525 ಕಿಲೋಜೂಲ್, ಅದಕ್ಕೇನಂತೀರಿ?

ರಘು: ಅಲ್ಲಿ ನಿಧಾನದ ಹೆಜ್ಜೆ ಬಂಧ ಒಡೆಯುವುದಲ್ಲ, ಹೊಸ ಗುಂಪು ಉಂಗುರಕ್ಕೆ ಬಂದು ಸೇರುವುದು. ಇಷ್ಟೂ ಗೊತ್ತಿಲ್ಲದೆ ಮಾತು.

ಮೇಡಂ: ರಘು ಹೇಳಿದ್ದು ಸರಿ, ಹೇಳಿದ ರೀತಿ ಸರಿಯಿಲ್ಲ. ಮಂಜುನಾಥ್ ಅವರೇ, ಲಿಥಿಯಂ ಫ್ಲೋರೈಡ್ ಹುಟ್ಟುವಾಗ ಸಿಗುವ ಶಕ್ತಿಯನ್ನೂ ಲೆಕ್ಕಕ್ಕೆ ತಗೊಳ್ಳಿ.

ಸ್ಮಿತಾ: ಗೈಡ್ ಬಂದರು, ಹನಿಹನಿಯಾಗಿ ಹಾಕುತ್ತಿದ್ದೇವೆ. −70 ದಾಟಿಲ್ಲ.

ಮೇಡಂ: ಒಳ್ಳೆಯದು. ಅವಸರ ಬೇಡ.

ಕವಿತಾ: ಸೋಡಿಯಂ-ಕಬ್ಬಿಣ ಜೋಡಿಯ ಬಗ್ಗೆ ಹೇಳ್ತೀರಾ?

ಮೇಡಂ: ನನಗೆ ಬಹಳ ಇಷ್ಟವಾದ ಕೆಲಸ ಅದು, 2018ರಲ್ಲಿ ಪ್ರಕಟವಾಯಿತು. ಸೋಡಿಯಂ ಮತ್ತು ಕಬ್ಬಿಣದ ಅಮೈಡ್ (ಲೋಹಕ್ಕೆ ನೈಟ್ರೋಜನ್ ಅಂಟಿದ ಬೇಸ್) ಒಂದೇ ಅಣುವಿನಲ್ಲಿ ಸೇರಿ ಫ್ಲೋರೋಅರೀನ್‌ನ (ಫ್ಲೋರಿನ್ ಇರುವ ಉಂಗುರದ) ಹೈಡ್ರೋಜನ್ ಜಾಗದಲ್ಲಿ ಕಬ್ಬಿಣವನ್ನು ಕೂರಿಸುತ್ತವೆ. ಕಾರ್ಬನ್-ಫ್ಲೋರಿನ್ ಬಂಧವನ್ನೂ ಒಡೆದು ತೋರಿಸಿದ್ದಾರೆ.

ನಾಗೇಶ್: ಫ್ಲೋರಿನ್ ಎನ್‌ಎಂಆರ್‌ನಲ್ಲಿ (ಅಣುವಿನ ಫ್ಲೋರಿನ್‌ಗಳನ್ನು ತೋರಿಸುವ ಪರೀಕ್ಷೆ) ಇದನ್ನು ಹೇಗೆ ಗುರುತಿಸುವುದು?

ಗಿರೀಶ್: ಫಾರ್ವರ್ಡ್ ಬಂದಿದೆ: "ಟರ್ಬೋ ಗ್ರಿನ್ಯಾರ್ಡ್ (ಲಿಥಿಯಂ ಕ್ಲೋರೈಡ್ ಸೇರಿಸಿದ ಗ್ರಿನ್ಯಾರ್ಡ್) ಇದ್ದರೆ ತಂಪು ಬೇಕಿಲ್ಲ. ಮಿಕ್ಕಿದ್ದಕ್ಕೆ ಆಸಿಡ್ ಸುರಿಯಿರಿ." ನಿಜವಾ?

ಮೇಡಂ: ಸುಳ್ಳು, ಎರಡೂ. ತಂಪು ಬೇಕೋ ಬೇಡವೋ ಎಂಬುದು ಉಂಗುರದ ಮೇಲೆ ಏನೇನಿದೆ ಎಂಬುದನ್ನು ನೋಡಿ ತೀರ್ಮಾನಿಸುವುದು. ಫ್ಲೋರೈಡ್ ಬಿಟ್ಟುಕೊಂಡ ಮಿಶ್ರಣಕ್ಕೆ ಆಸಿಡ್ ಸುರಿದರೆ ಹೈಡ್ರೋಫ್ಲೋರಿಕ್ ಆಸಿಡ್ ಆಗಬಹುದು. ಇಂಥವನ್ನು ಇಲ್ಲಿ ಹಾಕಬೇಡಿ.

ಮಂಜುನಾಥ್: ಗ್ರೂಪ್ ಇರುವುದೇ ಕೇಳೋದಕ್ಕೆ.

ರಘು: ಓದೋದಕ್ಕೂ.

ಪ್ರದೀಪ್: ಲಿಥಿಯಂ ಕ್ಲೋರೈಡ್ ನೇರ ಹಾಕಬಹುದಾ ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ.