ಹಳೆ ಯೆಜ್ಡಿ ವೈರಿಂಗ್: ಪೂರ್ತಿ ಕಿತ್ತು ಹೊಸದು ಹಾಕೋದಾ, ಇರೋದನ್ನೇ ಸರಿ ಮಾಡೋದಾ?

ಯಾದವಗಿರಿ_ಹುಡುಗ: ಅಪ್ಪ 1982ರಲ್ಲಿ ಕೊಂಡ ಯೆಜ್ಡಿ ಬೈಕ್ ಇದು, ನಮ್ಮ ಮೈಸೂರಿನ ಫ್ಯಾಕ್ಟರಿಯಲ್ಲೇ ತಯಾರಾದದ್ದು. 6 ವೋಲ್ಟ್ ಗಾಡಿ, ಕರೆಂಟ್ ತಯಾರಿಸುವುದು ಡೈನಮೋ. ಎರಡು ತಿಂಗಳ ಹಿಂದೆ ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಅವತ್ತಿನಿಂದ ಹೆಡ್‌ಲೈಟ್ ಮಂಕು, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಒಮ್ಮೊಮ್ಮೆ ಫ್ಯೂಸ್ ಹೋಗುತ್ತದೆ. ಡೂಮ್ (ಹೆಡ್‌ಲೈಟ್ ಕೂರುವ ತಗಡಿನ ಗೂಡು) ಬಿಚ್ಚಿ ನೋಡಿದರೆ ಒಳಗೆ ಟೇಪ್ ಸುತ್ತಿದ ಜಾಯಿಂಟ್‌ಗಳೇ 11 ಇವೆ. ಎಲೆಕ್ಟ್ರಿಷಿಯನ್ ಪೂರ್ತಿ ಹೊಸ ವೈರಿಂಗ್ ಕಿಟ್ ಹಾಕಿ ಅಂತಾರೆ. ನಿಮ್ಮ ಸಲಹೆ ಏನು?

ಹಾಸನ_ಟೂ_ಸ್ಟ್ರೋಕ್: ಯೋಚನೆ ಮಾಡಬೇಡಿ, ಪೂರ್ತಿ ಬದಲಾಯಿಸಿ. 40 ವರ್ಷ ಬಿಸಿ ತಿಂದ ವೈರಿನ ಮೇಲಿನ ಪದರ ಗಟ್ಟಿಯಾಗಿರುತ್ತದೆ, ಸ್ವಲ್ಪ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೈ ಕೊಡುತ್ತದೆ, ರಾತ್ರಿ ರಸ್ತೆ ಮಧ್ಯೆ ಲೈಟ್ ಆರಿ ನಿಂತವನು ನಾನು, ಆ ಭಯ ನನಗೆ ಗೊತ್ತು.

ಅರ್ಥ್_ಮೊದಲು: ಅಣ್ಣ, ಕಿಟ್‌ಗೆ ದುಡ್ಡು ಕೊಡುವ ಮೊದಲು ಅರ್ಥ್ ನೋಡಿ, ಅಂದರೆ ಕರೆಂಟ್ ಫ್ರೇಮಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಪೌಡರ್ ಕೋಟಿಂಗ್ ಕರೆಂಟ್ ಬಿಡುವುದಿಲ್ಲ, ಅಲ್ವಾ? ಅರ್ಥ್ ಬೋಲ್ಟ್ ಕೂರುವ ಜಾಗದಲ್ಲೂ ಅದು ಮೆತ್ತಿಕೊಂಡಿರುತ್ತದೆ. 6 ವೋಲ್ಟ್ ಗಾಡಿಯಲ್ಲಿ ಇದು ಜಾಸ್ತಿ ಹೊಡೆತ ಕೊಡುತ್ತದೆ. 35 ವಾಟ್ ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು 3 ಆಂಪ್ ಎಳೆದರೆ 6 ವೋಲ್ಟ್‌ನಲ್ಲಿ ಸುಮಾರು 6 ಆಂಪ್ ಎಳೆಯುತ್ತದೆ. ಹಾಗಾಗಿ ಒಂದೇ ಕೆಟ್ಟ ಜಾಯಿಂಟ್ ಇಲ್ಲಿ ಎರಡರಷ್ಟು ವೋಲ್ಟ್ ನುಂಗುತ್ತದೆ, ಅದೂ ಇರುವ ಆರರಲ್ಲಿ! ವೋಲ್ಟ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಡೂಮಿನ ಬರಿ ಲೋಹಕ್ಕೆ ಹಿಡಿಯಿರಿ. 0.1 ವೋಲ್ಟ್ ಆಸುಪಾಸು ಇರಬೇಕು.

ಮಂಡ್ಯ_ಮೋಟಾರ್: ಇಷ್ಟೆಲ್ಲ ಒದ್ದಾಡುವ ಬದಲು 12 ವೋಲ್ಟ್ ಮಾಡಿಸಿಬಿಡಿ. ಬಲ್ಬ್ ಎಲ್ಲಿ ಬೇಕಾದರೂ ಸಿಗುತ್ತದೆ.

ಯಾದವಗಿರಿ_ಹುಡುಗ: ಅದು ಬೇಡ ಅಣ್ಣ. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು, ಇರುವ ಹಳೆ ಗಾಡಿಗಳನ್ನಾದರೂ ಇದ್ದ ಹಾಗೆ ಉಳಿಸಬೇಕು ಅನ್ನುವುದು ನನ್ನ ಆಸೆ. ಮೀಟರ್ ಹಿಡಿದು ನೋಡಿದೆ, 0.7 ತೋರಿಸಿತು! ಅರ್ಥ್ ಬೋಲ್ಟ್ ಬಿಚ್ಚಿದರೆ ಕೆಳಗೆ ಪೂರ್ತಿ ಕಪ್ಪು ಕೋಟಿಂಗ್. ಲೋಹ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದೆ, ಮೇಲೆ ವ್ಯಾಸಲೀನ್ ಸವರಿದೆ. ಡೂಮಿನಿಂದ ಬ್ಯಾಟರಿ ನೆಗೆಟಿವ್‌ಗೆ ಬೇರೆ ಅರ್ಥ್ ವೈರ್ ಕೂಡ ಎಳೆದೆ. ಈಗ 0.08. ಅಪ್ಪ ಹೊರಗೆ ಬಂದು ನೋಡಿ, "ಹೊಸದರಲ್ಲಿ ಹಿಂಗೇ ಇತ್ತು" ಅಂದರು.

ಹಾಸನ_ಟೂ_ಸ್ಟ್ರೋಕ್: ಖುಷಿಯಾಯಿತು. ಆದರೆ ಫ್ಯೂಸ್ ಕಥೆ ಹಾಗೇ ಉಳಿಯಿತಲ್ಲ? ದಪ್ಪ ಫ್ಯೂಸ್ ಮಾತ್ರ ಹಾಕಬೇಡಿ, ಆಮೇಲೆ ಫ್ಯೂಸ್ ಬದಲು ವೈರ್ ಸುಡುತ್ತದೆ.

ಅರ್ಥ್_ಮೊದಲು: ಡೂಮಿನ ಹಿಂದೆ ವೈರ್ ಒಳಗೆ ಹೋಗುವ ತೂತು ನೋಡಿ, ರಬ್ಬರ್ ಬುಷ್ ಇದೆಯಾ? ಕೋಟಿಂಗ್‌ಗೆ ಬಿಚ್ಚಿದವರು ವಾಪಸ್ ಹಾಕುವುದನ್ನು ಮರೆಯುತ್ತಾರೆ.

ಯಾದವಗಿರಿ_ಹುಡುಗ: ಇಲ್ಲ! ತಗಡಿನ ಅಂಚಿಗೆ ತಿಕ್ಕಿ ಕೆಂಪು ವೈರಿನ ತಾಮ್ರ ಕಾಣುತ್ತಿದೆ, ಹ್ಯಾಂಡಲ್ ತಿರುಗಿಸಿದಾಗ ಅದು ತಗಡಿಗೆ ತಾಗಿಯೇ ಫ್ಯೂಸ್ ಹೋಗುತ್ತಿರಬೇಕು. ಸ್ಟೀರಿಂಗ್ ಪಕ್ಕ ವೈರ್ ತುಂಬಾ ಬಿಗಿಯಾಗಿಯೂ ಇದೆ.

ಹಾಸನ_ಟೂ_ಸ್ಟ್ರೋಕ್: ಹಾಗಿದ್ದರೆ ನನ್ನ ಮಾತು ಅರ್ಧ ವಾಪಸ್ ತಗೊಳ್ತೀನಿ. ಸೀಟಿನ ಕೆಳಗಿನದು ಮೆತ್ತಗಿದ್ದರೆ ಬಿಡಿ. ಡೂಮಿನಿಂದ ಟ್ಯಾಂಕ್ ಕೆಳಗಿನವರೆಗೆ ಮಾತ್ರ ಹೊಸದು ಎಳೆಯಿರಿ. ಆಟೋ ವೈರೇ ಇರಲಿ, ಹೆಡ್‌ಲೈಟಿಗೆ 2.5 ಸ್ಕ್ವೇರ್ ಎಂಎಂ ದಪ್ಪದ್ದು. ಮನೆಗೆ ಹಾಕುವ ಒಂಟಿ ಎಳೆ ವೈರ್ ಬೇಡವೇ ಬೇಡ, ನಡುಗಿ ನಡುಗಿ ಒಳಗೇ ತುಂಡಾಗುತ್ತದೆ. ಜಾಯಿಂಟ್ ಎಲ್ಲ ಸೋಲ್ಡರ್ ಮಾಡಿ.

ಅರ್ಥ್_ಮೊದಲು: ಸೋಲ್ಡರ್ ಬಗ್ಗೆ ನನ್ನ ತಕರಾರಿದೆ. ಸೀಸ ಎಳೆಗಳ ಒಳಗೆ ಹರಿದು ವೈರ್ ಕಡ್ಡಿಯಂತಾಗುತ್ತದೆ, ಆ ಗಟ್ಟಿ ಭಾಗ ಮುಗಿಯುವ ಕಡೆಯೇ ಮುರಿಯುತ್ತದೆ. ಒಳ್ಳೆ ಪ್ಲಯರ್‌ನಲ್ಲಿ ಕ್ರಿಂಪ್ ಮಾಡಿ (ಲೋಹದ ಕೊಳವೆಯನ್ನು ವೈರಿನ ಮೇಲೆ ಒತ್ತಿ ಬಿಗಿದು) ಮೇಲೆ ಸ್ಲೀವ್ ಹಾಕಿದರೆ ಸಾಕು.

ಹಾಸನ_ಟೂ_ಸ್ಟ್ರೋಕ್: ಅಗ್ಗದ ಕ್ರಿಂಪ್ ಮಳೆಗಾಲದಲ್ಲಿ ಹಸಿರು ಹಿಡಿದದ್ದನ್ನು ನೋಡಿದ್ದೀನಿ, ಅದಕ್ಕೇ ಹೇಳಿದ್ದು. ಸೋಲ್ಡರ್ ಮಾಡಿದ ಜಾಗ ಅಲ್ಲಾಡದ ಹಾಗೆ ಕಟ್ಟಿದರೆ ಮುರಿಯುವುದಿಲ್ಲ.

ಅರ್ಥ್_ಮೊದಲು: ಕಟ್ಟಬೇಕು ಅನ್ನೋದು ನಿಜ. ಆದರೆ ಸ್ಟೀರಿಂಗ್ ಹತ್ತಿರ ಅಲ್ಲಾಡಲೇಬೇಕಲ್ಲ, ಅಲ್ಲಿ ಜಾಯಿಂಟೇ ಇರಬಾರದು. ಡೂಮಿನಿಂದ ಟ್ಯಾಂಕ್ ಕೆಳಗಿನವರೆಗೆ ಒಂದೇ ತುಂಡು ವೈರ್. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಅಳತೆ ತಗೊಳ್ಳಿ, ಸ್ವಲ್ಪ ಸಡಿಲ ಬಿಡಿ. ಸಿಲಿಂಡರ್‌ನಿಂದ ದೂರ, ಫ್ರೇಮಿನ ಮೇಲಿನ ಪೈಪ್ ಗುಂಟ ಹೋಗಲಿ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿ ಕಳಚಿ, ಪ್ರತಿ ವೈರಿಗೂ ಚೀಟಿ ಅಂಟಿಸಿ ಫೋಟೋ ತೆಗೆಯಿರಿ.

ಯಾದವಗಿರಿ_ಹುಡುಗ: ಚೀಟಿ ಅಂಟಿಸಿ ಆಯ್ತು. 11 ಜಾಯಿಂಟ್‌ಗಳಲ್ಲಿ 8 ಬೇಕಾಗೇ ಇರಲಿಲ್ಲ, ಯಾವಾಗಲೋ ಹಾಕಿ ತೆಗೆದ ಇಂಡಿಕೇಟರ್‌ನ ಬಾಲಗಳು. ಉಳಿದ ಮೂರನ್ನು ಕ್ರಿಂಪ್ ಮಾಡ್ತೀನಿ. ಡೂಮಿನ ತೂತು ಅಳೆದುಕೊಂಡಿದ್ದೀನಿ, ನಾಳೆ ರಬ್ಬರ್ ಬುಷ್ ತರಬೇಕು.